ಮನೆಗೇ ಬಂದು ಬೆಕ್ಕನ್ನು ನೋಡಿಕೊಳ್ಳುವ ಸೇವೆ: ಹೊರಡುವ ಮುನ್ನಿನ ಭೇಟಿಯೇ ಮುಖ್ಯ

ದೀಪಾವಳಿಗೆ ಊರಿಗೆ ಹೊರಟಾಗ ಬೆಕ್ಕನ್ನು ಸಾಕುಪ್ರಾಣಿಗಳನ್ನು ಇರಿಸಿಕೊಳ್ಳುವ ಬೋರ್ಡಿಂಗ್ ಕೇಂದ್ರಕ್ಕೆ ಬಿಡುವ ಬದಲು, ಮನೆಗೇ ಬಂದು ನೋಡಿಕೊಳ್ಳುವ ಬೆಂಗಳೂರಿನ ಒಂದು ಸಣ್ಣ ಸಂಸ್ಥೆಗೆ ಒಪ್ಪಿಸಿದೆವು. ಬೆಕ್ಕು ತನ್ನ ಜಾಗಕ್ಕೆ ಬಲವಾಗಿ ಅಂಟಿಕೊಳ್ಳುವ ಪ್ರಾಣಿಯಾದ್ದರಿಂದ, ಪಟಾಕಿಯ ದಿನಗಳಲ್ಲಿ ಅದನ್ನು ಅಪರಿಚಿತ ಗೂಡಿನಲ್ಲಿ ಕೂಡಿಹಾಕುವುದು ನಮಗೆ ಸರಿಕಾಣಲಿಲ್ಲ.

ಈ ಸೇವೆಯಲ್ಲಿ ನಾನು ಹೆಚ್ಚು ಮೆಚ್ಚಿದ್ದು ನಾವು ಹೊರಡುವ ಮೊದಲು ಅವರು ನಡೆಸಿದ ಭೇಟಿಯನ್ನು. ಬಂದ ಮಹಿಳೆ ಬೆಕ್ಕನ್ನು ಎತ್ತಿಕೊಳ್ಳಲು ಹೋಗದೆ, ನೆಲದ ಮೇಲೆ ಕುಳಿತು, ಅದು ತಾನಾಗಿ ಬಂದು ಕೈ ಮೂಸುವವರೆಗೂ ನಮ್ಮೊಂದಿಗೆ ಮಾತನಾಡುತ್ತಿದ್ದರು. ಹೆದರಿದಾಗ ಎಲ್ಲಿ ಅವಿತುಕೊಳ್ಳುತ್ತದೆ ಎಂದು ಕೇಳಿ, ಬೀರುವಿನ ಹಿಂಭಾಗ, ಸೋಫಾದ ಅಡಿ ಎಂದು ಬರೆದುಕೊಂಡರು. ಬಾಲ್ಕನಿಯ ಬಲೆಯನ್ನು ಬೆರಳಿನಿಂದ ಎಳೆದು ನೋಡಿ, ಮೂಲೆಯ ಕೊಕ್ಕೆಯೊಂದು ಸಡಿಲವಾಗಿರುವುದನ್ನು ತೋರಿಸಿದರು. ಹಬ್ಬಕ್ಕೆ ಯಾರಾದರೂ ಲಿಲಿ ಹೂಗುಚ್ಛ ತಂದರೆ ಮನೆಯೊಳಗೆ ಇಡಬೇಡಿ ಎಂದರು; ಲಿಲಿಯ ಪರಾಗವಷ್ಟೇ ಅಲ್ಲ, ಅದನ್ನಿಟ್ಟ ಹೂದಾನಿಯ ನೀರೂ ಬೆಕ್ಕಿನ ಮೂತ್ರಪಿಂಡಗಳನ್ನು ಕೆಡಿಸಬಲ್ಲದು ಎಂಬುದು ನಿಜವಾದ ಮಾತು.

ಅವರ ನಮೂನೆಯಲ್ಲಿ ಆಹಾರದ ಅಳತೆ, ಲಸಿಕೆಯ ದಿನಾಂಕ, ಪಶುವೈದ್ಯರ ಫೋನ್ ಸಂಖ್ಯೆಗಳ ಜೊತೆಗೆ, ನಾವು ಫೋನಿಗೆ ಸಿಗದಿದ್ದಲ್ಲಿ ಎಷ್ಟು ಹಣದವರೆಗೆ ಚಿಕಿತ್ಸೆ ಕೊಡಿಸಬಹುದು ಎಂಬ ಪ್ರಶ್ನೆಯೂ ಇತ್ತು. ಇದು ಅತಿಯಾದ ಎಚ್ಚರಿಕೆಯೇನಲ್ಲ. ಎರಡು ಮೂರು ದಿನ ಏನನ್ನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪಗಿರುವ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಗಂಡು ಬೆಕ್ಕು ಲಿಟರ್ ಟ್ರೇಯಲ್ಲಿ (ಶೌಚಕ್ಕೆಂದು ಮರಳು ಹಾಕಿಟ್ಟ ತಟ್ಟೆಯಲ್ಲಿ) ಮತ್ತೆ ಮತ್ತೆ ಕುಳಿತರೂ ಮೂತ್ರ ಹೋಗದಿದ್ದರೆ ಮರುದಿನದವರೆಗೆ ಕಾಯುವಂತಿಲ್ಲ. ಆದ್ದರಿಂದಲೇ ದಿನವೂ ಕಳುಹಿಸುತ್ತಿದ್ದ ಫೋಟೋಗಳಲ್ಲಿ ಬೆಕ್ಕಿನ ಮುದ್ದು ಮುಖಕ್ಕಿಂತ ಬಟ್ಟಲಿನ ಮತ್ತು ಟ್ರೇಯ ಚಿತ್ರಗಳು ನಮಗೆ ಹೆಚ್ಚು ಸಮಾಧಾನ ಕೊಟ್ಟವು.

ದೂರುವುದಕ್ಕೂ ಕಾರಣವಿದೆ. ಮನೆ ನೋಡಿಕೊಂಡು ಹೋದವರ ಬದಲು ನರಕ ಚತುರ್ದಶಿಯಂದು ಮುನ್ಸೂಚನೆಯಿಲ್ಲದೆ ಬೇರೊಬ್ಬರು ಬಂದರು. ಅವರಿಗೆ ನಮ್ಮ ನಮೂನೆಯ ಪ್ರತಿಯೂ ತಲುಪಿರಲಿಲ್ಲ. ಬೆಕ್ಕನ್ನು ಹುಡುಕುವುದರಲ್ಲೇ ಅರ್ಧ ಗಂಟೆಯ ಭೇಟಿ ಮುಗಿಯಿತು. ಬೆಳಿಗ್ಗೆ ಹಾಕಿದ ಹಸಿ ಆಹಾರ ಸಂಜೆಯವರೆಗೆ ಹಾಗೆಯೇ ಉಳಿದು, ಅದಕ್ಕೆ ಇರುವೆ ಮುತ್ತಿತ್ತು. ಸಂಸ್ಥೆಯವರು ಕ್ಷಮೆ ಕೇಳಿದರಾದರೂ, ಮೊದಲ ಭೇಟಿಗೆ ಪ್ರತ್ಯೇಕ ಶುಲ್ಕ ಪಡೆದ ಮೇಲೆ ಈ ಅಜಾಗರೂಕತೆ ಒಪ್ಪುವಂಥದ್ದಲ್ಲ.

ಈ ಸೇವೆಯನ್ನು ಪಡೆಯುವವರು ತಮ್ಮ ಕಡೆಯಿಂದಲೂ ಸ್ವಲ್ಪ ಸಿದ್ಧತೆ ಮಾಡಿಕೊಳ್ಳಬೇಕು. ಹೊರಡುವ ವಾರದಲ್ಲಿ ಆಹಾರವನ್ನಾಗಲಿ ಲಿಟರ್ ಮರಳನ್ನಾಗಲಿ ಬದಲಿಸಬಾರದು. ಬೆಕ್ಕನ್ನು ಒಯ್ಯುವ ಪೆಟ್ಟಿಗೆಯಾದ ಕ್ಯಾರಿಯರನ್ನು ಅಟ್ಟದಿಂದ ಇಳಿಸಿ, ಒಳಗೆ ಹಳೆಯ ಹೊದಿಕೆ ಹಾಸಿ ನಡುಮನೆಯಲ್ಲಿಟ್ಟರೆ, ಆಸ್ಪತ್ರೆಗೆ ಓಡಬೇಕಾದಾಗ ಬೆಕ್ಕು ಅದನ್ನು ಕಂಡು ಬೆಚ್ಚುವುದಿಲ್ಲ. ನೀರು ತುಂಬಿದ ತಟ್ಟೆಯ ನಡುವೆ ಆಹಾರದ ಬಟ್ಟಲನ್ನಿಟ್ಟರೆ ಇರುವೆಯ ಕಾಟ ತಪ್ಪುತ್ತದೆ. ಅಪಾರ್ಟ್‌ಮೆಂಟಿನ ಕಾವಲುಗಾರರಿಗೆ ಬರುವವರ ಹೆಸರನ್ನು ಮೊದಲೇ ಕೊಟ್ಟಿರಬೇಕು.

ಇಷ್ಟಾಗಿಯೂ ಮುಂದಿನ ಬಾರಿ ನಾವು ಇವರನ್ನೇ ಕರೆಯುತ್ತೇವೆ. ಆದರೆ ಮನೆ ನೋಡಿದವರೇ ಕೊನೆಯ ದಿನದವರೆಗೆ ಬರಬೇಕು, ಬದಲಾದರೆ ಹಿಂದಿನ ದಿನವೇ ತಿಳಿಸಬೇಕು ಎಂಬ ಷರತ್ತನ್ನು ಮುಂಗಡ ಕೊಡುವಾಗಲೇ ಬರೆಸಿಕೊಳ್ಳುತ್ತೇವೆ.