ಪಿನ್ ಕೂರುತ್ತದೆ ಅಂತ ಅಡಾಪ್ಟರ್ ಚುಚ್ಚಬೇಡಿ: ಹಳೆ ರೇಡಿಯೋ ಸ್ಕ್ಯಾನರ್ ಕೊಳ್ಳುವವರಿಗೆ

ಸೆಕೆಂಡ್ ಹ್ಯಾಂಡ್ ರೇಡಿಯೋ ಸ್ಕ್ಯಾನರ್ ತಂದರೆ, ಅದರ ಜೊತೆ ಕೊಟ್ಟ ಅಡಾಪ್ಟರನ್ನು ವೋಲ್ಟ್ ಅಳೆಯುವ ಮೀಟರ್ ಹಿಡಿದು ನೋಡುವ ತನಕ ಸೆಟ್‌ಗೆ ಚುಚ್ಚಬೇಡಿ. ಬ್ಯಾಟರಿ ಮುಚ್ಚಳ ತೆಗೆದು ಒಳಗೆ ಯಾವ ಸೆಲ್ ಇದೆ ಅಂತ ನೋಡದೆ ಚಾರ್ಜಿಗೂ ಇಡಬೇಡಿ. ಪುರುಸೊತ್ತು ಇಲ್ಲದವರು ಇಷ್ಟು ಓದಿಕೊಂಡರೆ ಸಾಕು. ಇದ್ದವರಿಗೆ ನನ್ನ ಕತೆ ಹೇಳುತ್ತೇನೆ.

ನಾವಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕದ ಅರ್ವಿಂಗ್ ಊರಲ್ಲಿ. ದೊಡ್ಡ ವಿಮಾನ ನಿಲ್ದಾಣ ಪಕ್ಕದಲ್ಲೇ ಇದೆ, ದಿನವಿಡೀ ತಲೆ ಮೇಲೆ ವಿಮಾನ. 2021ರ ಫೆಬ್ರವರಿಯಲ್ಲಿ ಇಲ್ಲಿ ಹಿಮ ಬಿದ್ದು ಕರೆಂಟ್ ಹೋದದ್ದು ನಿಮಗೂ ನೆನಪಿರಬಹುದು. ಫೋನ್ ಚಾರ್ಜ್ ಮುಗಿದ ಮೇಲೆ ಹೊರಗೆ ಏನಾಗುತ್ತಿದೆ ಅಂತ ಗೊತ್ತಾಗಲು ದಾರಿಯೇ ಇರಲಿಲ್ಲ. ಬ್ಯಾಟರಿಯಲ್ಲಿ ನಡೆಯುವ, ಹವಾಮಾನದ ಎಚ್ಚರಿಕೆ ಕೇಳಿಸುವ ರೇಡಿಯೋ ಒಂದು ಮನೆಯಲ್ಲಿ ಇರಲೇಬೇಕು ಅಂತ ಆಗಲೇ ಅನಿಸಿತ್ತು. ಸ್ಕ್ಯಾನರ್ ಆದರೆ ಹವಾಮಾನವೂ ಕೇಳುತ್ತದೆ, ಪೈಲಟ್‌ಗಳು ಟವರ್ ಜೊತೆ ಆಡುವ ಮಾತೂ ಕೇಳುತ್ತದೆ. ಗೊತ್ತಿಲ್ಲದವರಿಗೆ ಒಂದು ಮಾತು: ಇದು ವಾಕಿಟಾಕಿ ಅಲ್ಲ. ಇದರಿಂದ ಮಾತಾಡಲು ಆಗುವುದಿಲ್ಲ, ಕೇಳಬಹುದು ಅಷ್ಟೇ. ನಾವು ತುಂಬಿಸಿಟ್ಟ ಚಾನೆಲ್‌ಗಳನ್ನು ಒಂದಾದ ಮೇಲೊಂದು ತಡಕುತ್ತಾ ಹೋಗುತ್ತದೆ. ಎಲ್ಲಿ ಮಾತು ಸಿಕ್ಕಿತೋ ಅಲ್ಲಿ ನಿಲ್ಲುತ್ತದೆ.

ರೇಡಿಯೋ ಹವ್ಯಾಸಿಗಳ ಸಂತೆಯೊಂದರಲ್ಲಿ ಒಬ್ಬರು ಹಳೆಯ ಕೈ ಸ್ಕ್ಯಾನರ್ ಇಟ್ಟುಕೊಂಡಿದ್ದರು. ಬೆಲೆ ಕಮ್ಮಿ. ಮೇಜಿನ ಮೇಲೆ ಆನ್ ಮಾಡಿ ತೋರಿಸಿದರು, ಹವಾಮಾನದ ಚಾನೆಲ್ ಸ್ಪಷ್ಟವಾಗಿ ಕೇಳಿತು. ಜೊತೆಗೆ ಒಂದು ಅಡಾಪ್ಟರನ್ನೂ ಚೀಲಕ್ಕೆ ಹಾಕಿದರು. "ಇದು ಇದಕ್ಕೇ ಜೋಡಿ, ವರ್ಷಗಳಿಂದ ಇದರಲ್ಲೇ ಚಾರ್ಜ್ ಮಾಡ್ತಾ ಇದೀನಿ" ಅಂದರು. ಅಲ್ಲಿ ತೋರಿಸಿದ್ದು ಬ್ಯಾಟರಿಯ ಮೇಲೆ, ಅಡಾಪ್ಟರ್ ಮೇಲಲ್ಲ.

ಮನೆಗೆ ಬಂದು ಚುಚ್ಚಿದೆ. ಪಿನ್ ನೀಟಾಗಿ ಕೂತಿತು. ಒಳಗಿಂದ 'ಟಿಕ್' ಅಂತ ಸಣ್ಣ ಸದ್ದು. ಪರದೆಯ ಅಂಕಿಗಳು ಒಂದು ಕ್ಷಣ ದಪ್ಪವಾಗಿ ಕಂಡು ಮಾಯವಾದವು. ಆಮೇಲೆ ಸುಟ್ಟ ಪ್ಲಾಸ್ಟಿಕ್‌ನ ವಾಸನೆ. ವೈರ್ ಎಳೆದು ಹಾಕುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು.

ಆ ಅಡಾಪ್ಟರನ್ನು ಆಮೇಲೆ ಮೇಜಿನ ಮೇಲಿಟ್ಟು ನೋಡಿದಾಗ ವಿಷಯ ಗೊತ್ತಾಯಿತು. ಅದು ಆ ಸೆಟ್‌ನ ಜೋಡಿಯೇ ಅಲ್ಲ. ಎಲ್ಲದಕ್ಕೂ ಹೊಂದುತ್ತದೆ ಅಂತ ಮಾರುವ ಅಡಾಪ್ಟರ್. ಬೆನ್ನಿನ ಮೇಲೆ 3ರಿಂದ 12 ವೋಲ್ಟ್ ತನಕ ಸರಿಸುವ ಸಣ್ಣ ಸ್ವಿಚ್, ವೈರಿನ ತುದಿಯಲ್ಲಿ ಕಿತ್ತು ತಿರುಗಿಸಿ ಹಾಕುವ ಪಿನ್. ಆ ಪಿನ್ ಒಂದು ಕಡೆ ಹಾಕಿದರೆ ನಡುವೆ ಪ್ಲಸ್, ತಿರುಗಿಸಿ ಹಾಕಿದರೆ ನಡುವೆ ಮೈನಸ್. ಯಾವ ಕಡೆ ಇದೆ ಅಂತ ಹೇಳುವ ಗುರುತು ಆ ಜೋಡಣೆಯ ಮೇಲೇ ಇರುತ್ತದೆ. ಈ ಮಹಾನುಭಾವ ಅದರ ಮೇಲೆ ಕಪ್ಪು ಟೇಪ್ ಸುತ್ತಿದ್ದರು. ಸ್ವಿಚ್ ಮೇಲೂ ಟೇಪ್. ಬಿಚ್ಚಿದರೆ ಸ್ವಿಚ್ 12ರ ಮೇಲಿದೆ, ಪಿನ್ ನಡುವೆ ಮೈನಸ್ ಬರುವ ಹಾಗೆ ಕೂತಿದೆ. ಸೆಟ್‌ಗೆ ಬೇಕಾಗಿದ್ದದ್ದು 9 ವೋಲ್ಟ್, ನಡುವೆ ಪ್ಲಸ್. ಬೇರೆ ಯಾವುದೋ ಸಾಮಾನಿಗೆ ಬಳಸುತ್ತಿದ್ದದ್ದನ್ನು ಪಿನ್ ಕೂತಿತು ಅಂತ ಇದರ ಜೊತೆ ಹಾಕಿ ಕಳಿಸಿದ್ದಾರೆ ಅನ್ನೋದು ನನ್ನ ಅನುಮಾನ.

ಫೋನ್ ಮಾಡಿದೆ. "ಇದ್ದದ್ದು ಇದ್ದ ಹಾಗೆ ಮಾರಿದ್ದು, ವಾಪಸ್ ಇಲ್ಲ" ಅಂದರು. ಸಂತೆಯ ವ್ಯಾಪಾರ, ಏನು ಮಾಡೋದು?

ಬ್ಯಾಟರಿ ಮುಚ್ಚಳ ತೆಗೆದಾಗ ಇನ್ನೊಂದು ಕಂಡಿತು. ಹಳೆಯ ಕೆಲವು ಸೆಟ್‌ಗಳಲ್ಲಿ ಸೆಲ್ ಕೂರಿಸುವ ತಟ್ಟೆ ಎರಡು ಬರುತ್ತದೆ, ಒಂದು ಹಳದಿ, ಒಂದು ಕಪ್ಪು. ಹಳದಿ ಇರುವುದು ಮತ್ತೆ ಮತ್ತೆ ಚಾರ್ಜ್ ಮಾಡುವ ಸೆಲ್‌ಗೆ. ಕಪ್ಪು ಇರುವುದು ಒಂದು ಸಲ ಬಳಸಿ ಬಿಸಾಡುವ ಆಲ್ಕಲೈನ್ ಸೆಲ್‌ಗೆ, ಅದನ್ನು ಹಾಕಿದಾಗ ಚಾರ್ಜ್ ಆಗುವುದಿಲ್ಲ. ಬಣ್ಣ ಅಂದಕ್ಕೆ ಕೊಟ್ಟದ್ದಲ್ಲ. ನನ್ನ ಸೆಟ್‌ನಲ್ಲಿ ಹಳದಿ ತಟ್ಟೆಯೊಳಗೆ ಆಲ್ಕಲೈನ್ ಸೆಲ್ ಕೂತಿದ್ದವು. ಒಂದು ಮೂಲೆಯ ಸ್ಪ್ರಿಂಗ್ ಮೇಲೆ ಬಿಳಿ ಪುಡಿ, ಅದರ ಬುಡದಲ್ಲಿ ಹಸಿರು ಕಿಲುಬು. ಅಂದರೆ ಚಾರ್ಜ್ ಮಾಡಬಾರದ ಸೆಲ್‌ಗಳನ್ನು ಯಾವಾಗಲೋ ಚಾರ್ಜ್ ಮಾಡಿದ್ದಾರೆ, ಅವು ಸೋರಿವೆ, ಸೆಲ್ ಬದಲಾಯಿಸಿ ಸುಮ್ನೆ ಮುಚ್ಚಿಟ್ಟಿದ್ದಾರೆ.

ಇದು ಅಡಾಪ್ಟರ್ ತಪ್ಪಿಗಿಂತ ಅಪಾಯ. ಅಡಾಪ್ಟರ್ ತಪ್ಪಾದರೆ ಸೆಟ್ ಹೋಗುತ್ತದೆ. ಆಲ್ಕಲೈನ್ ಸೆಲ್‌ಗೆ ಚಾರ್ಜ್ ತುಂಬಿದರೆ ಒಳಗೆ ಗ್ಯಾಸ್ ಹುಟ್ಟಿ ಒತ್ತಡ ಏರುತ್ತದೆ, ಸೆಲ್ ಬಾಯಿಬಿಡುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಹೊರಗೆ ಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಚರ್ಮ ಸುಡುವ ಕ್ಷಾರ, ಕಣ್ಣಿಗೆ ಬಿದ್ದರೆ ಕೇಳಲೇಬೇಡಿ. ಒಣಗಿದ ಬಿಳಿ ಪುಡಿಯನ್ನೂ ಬರಿಗೈಯಲ್ಲಿ ಕೆರೆಯಬಾರದು. ಗ್ಲೌಸ್, ಕನ್ನಡಕ ಹಾಕಿಕೊಂಡು, ಹತ್ತಿ ಸುತ್ತಿದ ಕಡ್ಡಿಯನ್ನು ವಿನೆಗರ್‌ನಲ್ಲೋ ನಿಂಬೆರಸದಲ್ಲೋ ಅದ್ದಿ ಒರೆಸಬೇಕು. ಹುಳಿ ತಾಗಿದಾಗ ಅದು ಸಣ್ಣಗೆ ನೊರೆಯಾಗುವುದು ಕಾಣುತ್ತದೆ. ಆಮೇಲೆ ನೀರಲ್ಲಿ ನೆನೆಸಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಬೇಕು.

ಹೊಸ ಸೆಟ್‌ಗಳಲ್ಲಿ ಈ ಎರಡು ಬಣ್ಣದ ತಟ್ಟೆ ಇಲ್ಲ ಅಂತ ನಿರಾಳ ಆಗಬೇಡಿ. ಇಲ್ಲಿ ತುಂಬಾ ಜನ ಬಳಸುವ ಯೂನಿಡೆನ್ ಬಿಸಿ125ಎಟಿ (BC125AT) ಸ್ಕ್ಯಾನರನ್ನೇ ಉದಾಹರಣೆಗೆ ತಗೊಳ್ಳಿ. ಎರಡು ಪೆನ್ಸಿಲ್ ಸೆಲ್ (ಎಎ) ಹಾಕಬೇಕು, ಯುಎಸ್‌ಬಿ ವೈರಿನಿಂದ ಚಾರ್ಜ್ ಆಗುತ್ತದೆ. ಸೆಲ್ ಕೂರುವ ಜಾಗದ ಒಳಗೇ ಒಂದು ಪುಟ್ಟ ಸ್ವಿಚ್ ಇದೆ, ಆಲ್ಕಲೈನ್ ಅಥವಾ ನಿಕಲ್ ಮೆಟಲ್ ಹೈಡ್ರೈಡ್ (ಮತ್ತೆ ಮತ್ತೆ ಚಾರ್ಜ್ ಮಾಡುವಂಥದ್ದು) ಅಂತ ಆರಿಸಲು. ಸೆಲ್ ಹಾಕಿದ ಮೇಲೆ ಆ ಸ್ವಿಚ್ ಕಡೆ ಯಾರೂ ನೋಡುವುದಿಲ್ಲ. ಸೆಟ್‌ನ ಜೊತೆ ಬಂದ ಸೆಲ್ ಖಾಲಿಯಾಯಿತು ಅಂತ ಅಂಗಡಿಯ ಆಲ್ಕಲೈನ್ ತಂದು ಹಾಕುತ್ತೀರಿ, ಸ್ವಿಚ್ ಹಾಗೇ ಇರುತ್ತದೆ, ರಾತ್ರಿ ಅಭ್ಯಾಸಬಲದಿಂದ ಯುಎಸ್‌ಬಿ ಚುಚ್ಚುತ್ತೀರಿ. ನನ್ನ ಸಲಹೆ ಕೇಳಿದರೆ, ಸೆಟ್‌ನೊಳಗೆ ಚಾರ್ಜ್ ಮಾಡುವುದನ್ನೇ ಬಿಡಿ. ಗೋಡೆಗೆ ಚುಚ್ಚುವ ಒಳ್ಳೆಯ ಸೆಲ್ ಚಾರ್ಜರ್ ಒಂದು ತಗೊಂಡು ಸೆಲ್ ಹೊರಗೆ ತೆಗೆದು ಚಾರ್ಜ್ ಮಾಡಿ. ಸ್ವಲ್ಪ ಕಿರಿಕಿರಿ, ಆದರೆ ನೆಮ್ಮದಿ.

ಇನ್ನೊಂದು ಕಳ್ಳ ಸೆಲ್ ಇದೆ. ಪೆನ್ಸಿಲ್ ಸೆಲ್‌ನಷ್ಟೇ ಉದ್ದ, ಅಷ್ಟೇ ದಪ್ಪ, ಮೇಲೆ 14500 ಅಂತ ಬರೆದಿರುತ್ತದೆ. ಅದು ಲಿಥಿಯಂ ಅಯಾನ್, ಒಂದೊಂದೂ 3.7 ವೋಲ್ಟ್, ಪೂರ್ತಿ ತುಂಬಿದರೆ 4.2. ಮಾಮೂಲಿ ಪೆನ್ಸಿಲ್ ಸೆಲ್ 1.5, ಚಾರ್ಜ್ ಮಾಡುವಂಥದ್ದು 1.2. ಎರಡು ಸೆಲ್‌ನಲ್ಲಿ 3 ವೋಲ್ಟ್ ನಿರೀಕ್ಷೆ ಮಾಡುವ ಸೆಟ್‌ಗೆ 8.4 ಹೊಡೆದರೆ ಏನಾಗುತ್ತದೆ, ನೀವೇ ಲೆಕ್ಕ ಹಾಕಿ.

ಸೆಟ್ ರಿಪೇರಿ ಮಾಡಿಕೊಟ್ಟವರು ಇಲ್ಲಿನ ಕನ್ನಡ ಬಳಗದ ಹಿರಿಯರು, ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸನ್ಸ್ ಇರುವವರು, ಮೂಲ ಮೈಸೂರು. ಒಳಗೆ ಬಿಚ್ಚಿ ನೋಡಿದರೆ ಪವರ್ ಬರುವ ದಾರಿಯಲ್ಲಿ ಕೂತ ರಕ್ಷಣೆಯ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಶಾರ್ಟ್ ಆಗಿ ಕರಕಲಾಗಿತ್ತು, ಅದರ ಹಿಂದಿನ ಸಣ್ಣ ಫ್ಯೂಸ್ ಹೋಗಿತ್ತು.

"ನಿನ್ನ ಪುಣ್ಯ ಕಣಪ್ಪಾ, ಡಯೋಡ್ ತಾನು ಸತ್ತು ಉಳಿದದ್ದನ್ನು ಉಳಿಸಿದೆ" ಅಂದರು.

"ಸರ್, ಪಿನ್ ಸರಿಯಾಗಿ ಕೂತಿತ್ತಲ್ಲ?"

"ಪಿನ್ ಅಳತೆಗೂ ಕರೆಂಟಿಗೂ ಸಂಬಂಧ ಇಲ್ಲ. ಅದೇ ಅಳತೆ ಪಿನ್ನಲ್ಲಿ ಐದು ವೋಲ್ಟೂ ಬರುತ್ತೆ, ಹತ್ತೊಂಬತ್ತೂ ಬರುತ್ತೆ. ಮೀಟರ್ ತಗೊಂಡು ಬಾ ಇಲ್ಲಿ."

ಅವರು ತೋರಿಸಿದ್ದನ್ನೇ ಹೇಳುತ್ತೇನೆ. ಸೆಟ್‌ನ ಪವರ್ ತೂತಿನ ಪಕ್ಕ ಅಥವಾ ಹಿಂಬದಿಯ ಚೀಟಿಯಲ್ಲಿ ಒಂದು ಚಿತ್ರ ಇರುತ್ತದೆ. ನಡುವೆ ಒಂದು ಚುಕ್ಕೆ, ಅದನ್ನು ಅರ್ಧ ಸುತ್ತಿದ ಕಮಾನು, ಎರಡರಿಂದಲೂ ಒಂದೊಂದು ಗೆರೆ. ಚುಕ್ಕೆಯ ಗೆರೆ ಪ್ಲಸ್ ಕಡೆ ಹೋದರೆ ನಡುವೆ ಪ್ಲಸ್, ಮೈನಸ್ ಕಡೆ ಹೋದರೆ ನಡುವೆ ಮೈನಸ್. ಅಡಾಪ್ಟರ್ ಮೇಲೂ ಅದೇ ಚಿತ್ರ ಇರಬೇಕು. ಇದ್ದರೂ ನಂಬಬೇಡಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕೆಂಪು ಕಡ್ಡಿಯನ್ನು ಪಿನ್ನಿನ ತೂತಿನೊಳಗೆ, ಕಪ್ಪನ್ನು ಹೊರಮೈಗೆ ತಾಗಿಸಿ. ಎರಡೂ ಕಡ್ಡಿ ಒಂದಕ್ಕೊಂದು ತಾಗದ ಹಾಗೆ ಹಿಡಿಯಿರಿ. ಅಂಕಿ ಹಾಗೇ ಬಂದರೆ ನಡುವೆ ಪ್ಲಸ್. ಅಂಕಿಯ ಮುಂದೆ ಮೈನಸ್ ಗುರುತು ಬಂದರೆ ಉಲ್ಟಾ.

ವೋಲ್ಟ್ ಸೆಟ್ ಕೇಳಿದಷ್ಟೇ ಇರಬೇಕು. ಆಂಪಿಯರ್ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಸೆಟ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಕಮ್ಮಿ ಇದ್ದರೆ ಅಡಾಪ್ಟರ್ ಬಿಸಿಯಾಗುತ್ತದೆ. ಹಳೇ ಕಾಲದ, ಕೈಯಲ್ಲಿ ಹಿಡಿದರೆ ಭಾರ ಅನಿಸುವ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ಗಳ ವಿಷಯದಲ್ಲಿ ಇನ್ನೂ ಹುಷಾರು. ಮೇಲೆ 9 ಅಂತ ಬರೆದಿದ್ದರೂ ಯಾವ ಸೆಟ್ಟಿಗೂ ಚುಚ್ಚದೆ ಬರೀ ಅಡಾಪ್ಟರನ್ನು ಅಳೆದರೆ ಮೀಟರ್‌ನಲ್ಲಿ 12, 13 ತೋರಿಸುವಂಥವು ಇವೆ. ಕಾರಿನ ಲೈಟರ್ ಸಾಕೆಟ್ಟೂ ಹಾಗೇ. 12 ಅಂತ ಕರೆಯುತ್ತೇವೆ, ಎಂಜಿನ್ ಓಡುವಾಗ ಅಲ್ಲಿ ಬರುವುದು ಸುಮಾರು 14. ನೇರ ವೈರ್ ಎಳೆದು ಸ್ಕ್ಯಾನರ್‌ಗೆ ಕೊಡುವ ಸಾಹಸ ಬೇಡ.

ಪವರ್ ಸರಿಹೋದ ಮೇಲಿನ ಗೋಳು ಸಣ್ಣದು. ಅಗ್ಗದ ಫೋನ್ ಚಾರ್ಜರ್ ಚುಚ್ಚಿಕೊಂಡು ವಿಮಾನದ ಬ್ಯಾಂಡ್ ಕೇಳಿದರೆ ಬರೀ ಗರಗರ. ಸ್ಕ್ಯಾನರ್ ಅದನ್ನೇ ಮಾತು ಅಂದುಕೊಂಡು ಒಂದೇ ಚಾನೆಲ್‌ನಲ್ಲಿ ನಿಂತುಬಿಡುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಹಚ್ಚಿ ನೋಡಿ. ಗರಗರ ಹೋದರೆ ಕಳ್ಳ ಸಿಕ್ಕಿದ ಹಾಗೆ. ಸ್ಕ್ವೆಲ್ಚ್ ಅನ್ನುವ ಗುಂಡಿಯನ್ನು ಭುಸ್ ಅನ್ನುವ ಸದ್ದು ನಿಲ್ಲುವ ತನಕ ತಿರುಗಿಸಿ, ಅಲ್ಲಿಂದ ಕೂದಲೆಳೆಯಷ್ಟು ಮುಂದೆ ಸಾಕು. ಪೂರ್ತಿ ತಿರುಗಿಸಿದರೆ ದೂರದ ದನಿಗಳು ಸಿಗುವುದಿಲ್ಲ. ಇಯರ್‌ಫೋನ್ ಕಿವಿಗೆ ಹಾಕುವ ಮುಂಚೆ ವಾಲ್ಯೂಮ್ ಕೆಳಗಿಳಿಸಿ. ಸ್ಕ್ವೆಲ್ಚ್ ತೆರೆದುಕೊಂಡಾಗ ಬರುವ ಸದ್ದು ಕಿವಿಗೆ ಹೊಡೆದ ಹಾಗೆ ಇರುತ್ತದೆ. ಬಾಲ್ಕನಿಯಿಂದ ಹೊರಗೆ ಆಂಟೆನಾ ವೈರ್ ಎಳೆಯುವ ಆಸೆ ಇದ್ದರೆ ಕರೆಂಟ್ ತಂತಿ ಹತ್ತಿರ ಸುಳಿಯಬೇಡಿ, ಗುಡುಗು ಸಿಡಿಲಿಗೆ ಮುಂಚೆ ಕಿತ್ತಿಡಿ. ನನಗೆ ಸೆಟ್‌ನ ಜೊತೆ ಬಂದ ರಬ್ಬರ್ ಆಂಟೆನಾವೇ ಸಾಕಾಗಿದೆ.

ಚಾನೆಲ್ ತುಂಬಿಸುವಾಗ ಮೊದಲು ಹವಾಮಾನದ ಏಳು: 162.400, 162.425, 162.450, 162.475, 162.500, 162.525, 162.550 ಮೆಗಾಹರ್ಟ್ಸ್. ನಿಮ್ಮೂರಲ್ಲಿ ಇದರಲ್ಲಿ ಒಂದೋ ಎರಡೋ ಜೋರಾಗಿ ಕೇಳುತ್ತದೆ. ವಿಮಾನ 118ರಿಂದ 137ರ ಒಳಗೆ, ಎಎಮ್ ಮೋಡ್‌ನಲ್ಲಿ. ಎಫ್ಎಮ್‌ನಲ್ಲಿಟ್ಟರೆ ಮಾತು ಕಲಸಿಹೋಗುತ್ತದೆ. ರೈಲು 160, 161ರ ಸುತ್ತ. ಪೊಲೀಸರದ್ದೆಲ್ಲಾ ಕೇಳುತ್ತೆ ಅಂತ ಯಾರಾದರೂ ಹಳೆ ಸೆಟ್ ಮಾರಲು ಬಂದರೆ ನಂಬಬೇಡಿ. ಎಷ್ಟೋ ಊರುಗಳಲ್ಲಿ ಪೊಲೀಸ್ ಸಂಪರ್ಕ ಡಿಜಿಟಲ್‌ಗೆ ಹೋಗಿದೆ, ಕೆಲವು ಕಡೆ ಪೂರ್ತಿ ಗುಪ್ತ. ಅನಲಾಗ್ ಸೆಟ್‌ಗೆ ಅಲ್ಲಿ ಕೇಳುವುದು ಬರೀ ಗುಂಯ್ಗುಡುವ ಸದ್ದು. ಕಾರಿನಲ್ಲಿ ಇಟ್ಟುಕೊಂಡು ಓಡಾಡುವವರು ನಿಮ್ಮ ರಾಜ್ಯದ ಕಾನೂನು ನೋಡಿಕೊಳ್ಳಿ. ನ್ಯೂಯಾರ್ಕ್, ಫ್ಲೋರಿಡಾ, ಇಂಡಿಯಾನಾ, ಕೆಂಟಕಿ, ಮಿನ್ನೆಸೋಟಾಗಳಲ್ಲಿ ಇದಕ್ಕೆ ನಿರ್ಬಂಧ ಇದೆ.

ಕೊನೆಗೆ ಊರಿಗೆ ಒಯ್ಯುವ ವಿಷಯ. ಇದನ್ನು ವಿಡಿಯೋ ಕಾಲ್‌ನಲ್ಲಿ ನೋಡಿದ ಚಿಕ್ಕಪ್ಪನ ಮಗ ಬೆಂಗಳೂರಿಂದ "ಅಣ್ಣಾ, ಬರುವಾಗ ನನಗೂ ಒಂದು ತಗೊಂಡು ಬಾ" ಅಂತ ಹಟ ಹಿಡಿದಿದ್ದಾನೆ. ತರುವುದಿಲ್ಲ ಅಂದೆ. ಭಾರತದಲ್ಲಿ ಲೈಸನ್ಸ್ ಇಲ್ಲದೆ ಇಂಥ ವೈರ್‌ಲೆಸ್ ಸೆಟ್ ಇಟ್ಟುಕೊಳ್ಳುವುದು 1933ರ ಕಾಯ್ದೆಯ ಕಾಲದಿಂದಲೂ ಅಪರಾಧ. ಮಾತಾಡಲು ಬರುವುದಿಲ್ಲ, ಬರೀ ಕೇಳುವ ಸೆಟ್ಟು ಅಂತ ಕಸ್ಟಮ್ಸ್‌ನಲ್ಲಿ ವಾದ ಮಾಡುತ್ತಾ ನಿಲ್ಲಲು ನನಗೆ ಇಷ್ಟವಿಲ್ಲ. ಇನ್ನು ಇಲ್ಲಿನ ಅಡಾಪ್ಟರ್. ಅಮೆರಿಕದ ಗೋಡೆಯಲ್ಲಿ 120 ವೋಲ್ಟ್, ನಮ್ಮ ಕಡೆ 230. ಅಡಾಪ್ಟರ್ ಮೇಲೆ 100–240 ಅಂತ ಇಲ್ಲದಿದ್ದರೆ, ಪಿನ್ ಬದಲಾಯಿಸುವ ಕನ್ವರ್ಟರ್ ಹಾಕಿ ಚುಚ್ಚಿದ ಸ್ವಲ್ಪ ಹೊತ್ತಿಗೇ ಹೊಗೆ. ಮಿಕ್ಸಿ, ರೈಸ್ ಕುಕ್ಕರ್ ಒಯ್ದು ಹೀಗೆ ಸುಟ್ಟುಕೊಂಡವರು ನಮ್ಮ ಬಳಗದಲ್ಲೇ ಇದ್ದಾರೆ.

ಅವನಿಗೆ ನಿಜವಾಗಿ ಆಸೆ ಇದ್ದರೆ ಹ್ಯಾಮ್ ಪರೀಕ್ಷೆ ಕಟ್ಟಲಿ. ಲೈಸನ್ಸ್ ಬಂದ ಮೇಲೆ ಫೋನ್ ಮಾಡು, ಸೆಟ್ ಅಲ್ಲ, ಒಂದು ಒಳ್ಳೆ ಮಲ್ಟಿಮೀಟರ್ ತಂದುಕೊಡ್ತೀನಿ ಅಂದಿದ್ದೇನೆ. ಇನ್ನೂ ಮುನಿಸಿಕೊಂಡೇ ಇದ್ದಾನೆ.