ಕನ್ನಡ ಹಾಸ್ಯ, ಥ್ರಿಲ್ಲರ್ ಚಿತ್ರಗಳ ವಿಸಿಡಿ–ಡಿವಿಡಿ: ವರ್ಷಗಟ್ಟಲೆ ಬಳಸಿದ ಮೇಲೆ

ಹಾಸ್ಯ ಚಿತ್ರಕ್ಕೆ ವಿಸಿಡಿ ಸಾಕು, ಥ್ರಿಲ್ಲರ್‌ಗೆ ಮಾತ್ರ ಡಿವಿಡಿ ಬೇಕು ಎಂಬ ಮಾತು ಡಿಸ್ಕ್ ಕೂಡಿಡುವವರಲ್ಲಿ ಮೊದಲಿಂದಲೂ ಇದೆ. ಅದು ಅರ್ಧ ಮಾತ್ರ ನಿಜ. ಡಿಸ್ಕಿಗೆ ಬರುವಾಗ ಎರಡೂ ಬಗೆಯ ಚಿತ್ರಗಳಿಗೆ ಪೆಟ್ಟು ಬೀಳುತ್ತದೆ, ಬೀಳುವ ಜಾಗ ಬೇರೆ. ಹಾಸ್ಯ ಚಿತ್ರ ಕೆಡುವುದು ಚೌಕಟ್ಟಿನ ಅಂಚಿನಲ್ಲಿ ಮತ್ತು ಮಾತಿನ ಸ್ಪಷ್ಟತೆಯಲ್ಲಿ. ಥ್ರಿಲ್ಲರ್ ಕೆಡುವುದು ಕತ್ತಲೆಯ ದೃಶ್ಯಗಳಲ್ಲಿ ಮತ್ತು ಕತ್ತರಿಯಲ್ಲಿ. ಆದ್ದರಿಂದ ಕೊಳ್ಳುವಾಗ ಪರೀಕ್ಷಿಸಬೇಕಾದದ್ದೂ ಬೇರೆ ಬೇರೆ.

ಮೊದಲು ಹಾಸ್ಯ. ವಠಾರದ ಕಥೆಗಳಲ್ಲಿ ಮಾತಾಡುವವನಷ್ಟೇ ಮುಖ್ಯ ಪಕ್ಕದಲ್ಲಿ ನಿಂತು ಮುಖ ಕಿವಿಚುವವನು. ಸಿನಿಮಾಸ್ಕೋಪ್ ಚಿತ್ರದ ಅಗಲ ಎತ್ತರದ 2.35 ಪಟ್ಟು. ಅದನ್ನು ಹಳೆಯ 4:3 ಟಿವಿ ಪರದೆ ತುಂಬುವಂತೆ ಕತ್ತರಿಸಿದರೆ ಅಗಲದಲ್ಲಿ ಉಳಿಯುವುದು ಶೇ. 57 ಮಾತ್ರ. ಐದು ಜನ ನಿಂತ ದೃಶ್ಯದಲ್ಲಿ ಇಬ್ಬರು ಹೊರಗುಳಿಯುತ್ತಾರೆ, ನಗು ಬರಬೇಕಾದದ್ದು ಅವರಿಂದಲೇ ಆಗಿದ್ದರೆ ಅದೂ ಅವರ ಜೊತೆ ಹೋಗುತ್ತದೆ. ಕವರಿನ ಮೇಲೆ ‘ಫುಲ್ ಸ್ಕ್ರೀನ್’ ಎಂದಿದ್ದರೆ ಮೊದಲು ಶೀರ್ಷಿಕೆ ಪಟ್ಟಿ ನೋಡಿ. ಹೆಸರುಗಳ ಎಡಬಲದ ಅಕ್ಷರಗಳು ಕತ್ತರಿಸಿ ಹೋಗಿದ್ದರೆ, ಅಥವಾ ಶೀರ್ಷಿಕೆ ಮುಗಿಯುವವರೆಗೆ ಮಾತ್ರ ಕಪ್ಪು ಪಟ್ಟಿಯಿದ್ದು ಆಮೇಲೆ ಪರದೆ ತುಂಬಿಕೊಂಡರೆ, ಉಳಿದ ಚಿತ್ರವನ್ನು ಕತ್ತರಿಸಲಾಗಿದೆ ಎಂದೇ ತಿಳಿಯಿರಿ.

ಮೇಲೆ ಕೆಳಗೆ ಕಪ್ಪು ಪಟ್ಟಿ ಇರುವ ಡಿಸ್ಕೇ ಒಳ್ಳೆಯದು. ಅದರಲ್ಲೂ ಎರಡು ಬಗೆ. ಪಾಲ್ (ಭಾರತದ ಟಿವಿ ಪದ್ಧತಿ) ಡಿವಿಡಿಯ 576 ಸಾಲುಗಳಲ್ಲಿ ಸಾಧಾರಣ ಲೆಟರ್‌ಬಾಕ್ಸ್, ಅಂದರೆ 4:3 ಚೌಕಟ್ಟಿನೊಳಗೇ ಕಪ್ಪು ಪಟ್ಟಿ, ಆದರೆ ಸ್ಕೋಪ್ ಚಿತ್ರಕ್ಕೆ ಸುಮಾರು 327 ಸಾಲು ಸಿಗುತ್ತದೆ. ಅನಮಾರ್ಫಿಕ್ ಆಗಿದ್ದರೆ, ಅಂದರೆ ಚಿತ್ರವನ್ನು ಅಡ್ಡಡ್ಡ ಹಿಂಡಿ ತುಂಬಿ ಟಿವಿಯಲ್ಲಿ ಮತ್ತೆ ಹಿಗ್ಗಿಸುವಂತಿದ್ದರೆ, ಸುಮಾರು 436. ಈಗಿನ ಅಗಲ ಟಿವಿಯಲ್ಲಿ ಚಿತ್ರ ನಾಲ್ಕೂ ಕಡೆ ಕಪ್ಪು ಕಟ್ಟಿಕೊಂಡು ನಡುವೆ ಸಣ್ಣಗೆ ಕಂಡರೆ ಅದು ಮೊದಲನೇ ಬಗೆ. ರಿಮೋಟಿನಲ್ಲಿ ಝೂಮ್ ಒತ್ತಿ. ‘ವೈಡ್’ ಅಥವಾ ‘ಸ್ಟ್ರೆಚ್’ ಒತ್ತಿದರೆ ಎಲ್ಲರ ಮುಖವೂ ಅಡ್ಡಡ್ಡ ಹಿಗ್ಗುತ್ತದೆ.

ಧ್ವನಿಯ ವಿಷಯಕ್ಕೆ ಬಂದರೆ, ಹಳೆಯ ಮೋನೊ ಚಿತ್ರಕ್ಕೆ ‘5.1’ ಎಂದು ಅಚ್ಚು ಹಾಕಿದ ಡಿವಿಡಿಗಳನ್ನು ನಂಬಬೇಡಿ. ಒಂದೇ ಹಾದಿಯ ಧ್ವನಿಯನ್ನು ಆರಕ್ಕೆ ಹರಡಿ ಸ್ವಲ್ಪ ಗುಂಯ್‌ಗುಡುವಿಕೆ ಸೇರಿಸಿರುತ್ತಾರೆ. ಜಗಳದ ದೃಶ್ಯದಲ್ಲಿ ಮಾತಿನ ಮೇಲೆ ಮಾತು ಬೀಳುವಾಗ ಯಾವುದೂ ಬಿಡಿಸಿ ಕೇಳುವುದಿಲ್ಲ. ಮೆನುವಿನಲ್ಲಿ 2.0 (ಎರಡೇ ಚಾನೆಲ್) ಇದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಪ್ಲೇಯರಿನ ಆಡಿಯೊ ಸೆಟ್ಟಿಂಗಿನಲ್ಲಿ ಸ್ಟೀರಿಯೊ ಡೌನ್‌ಮಿಕ್ಸ್ ಆರಿಸಿ. ವಿಸಿಡಿಯಲ್ಲಿ ಒಂದು ಅನುಕೂಲವಿದೆ: ಪ್ಲೇಯರುಗಳಲ್ಲಿ ಕ್ಯಾರಿಯೋಕೆಗೆಂದು ಎಡ ಅಥವಾ ಬಲ ಚಾನೆಲ್ ಒಂದನ್ನೇ ಕೇಳಿಸುವ ಗುಂಡಿ ಇರುತ್ತದೆ. ಮೋನೊ ಚಿತ್ರದಲ್ಲಿ ಎಡಗಡೆ ಚರಚರ ಎನ್ನುತ್ತಿದ್ದರೆ ಬಲವೊಂದನ್ನೇ ಇಟ್ಟುಕೊಳ್ಳಿ. ಮಾತು ಎರಡರಲ್ಲೂ ಒಂದೇ, ಏನೂ ನಷ್ಟವಿಲ್ಲ.

ಥ್ರಿಲ್ಲರ್ ಹೆಚ್ಚು ನಾಜೂಕಿನದು. ವಿಸಿಡಿಯ ಚಿತ್ರ 352×288, ಸೆಕೆಂಡಿಗೆ 1150 ಕಿಲೋಬಿಟ್, ದೃಶ್ಯ ಸರಳವಿರಲಿ ಕಷ್ಟದ್ದಿರಲಿ ಅಷ್ಟೇ. ಕತ್ತಲೆ ಕೋಣೆಯಲ್ಲಿ ಟಾರ್ಚ್ ಆಡಿದರೆ, ಮಳೆಯ ರಾತ್ರಿ ಓಟ ಬಂದರೆ, ಕಪ್ಪು ಭಾಗವೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ಬಾಗಿಲ ಹಿಂದೆ ನಿಂತವನ ನೆರಳನ್ನು ನಿರ್ದೇಶಕ ಬೇಕೆಂದೇ ಅಲ್ಲಿಟ್ಟಿರುತ್ತಾನೆ, ನಿಮಗೆ ಕಾಣುವುದು ಬೂದು ಚೌಕಗಳು. ಟಿವಿಯ ಬ್ರೈಟ್‌ನೆಸ್ ಏರಿಸಿದರೆ ಚೌಕಗಳೇ ಇನ್ನೂ ಎದ್ದು ಕಾಣುತ್ತವೆ; ಬ್ರೈಟ್‌ನೆಸ್ ಇಳಿಸಿ, ಶಾರ್ಪ್‌ನೆಸ್ ಸೊನ್ನೆಯ ಹತ್ತಿರ ಇಡಿ.

ಡಿವಿಡಿ ಎಂದಾಕ್ಷಣ ಈ ತೊಂದರೆ ತಪ್ಪಿತು ಎಂದಲ್ಲ. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿದ ಮೇಲೆ ಡಿಸ್ಕು ಎಲ್ಲರ ಕೈಗೂ ಎಟುಕಿತು, ಅದು ದೊಡ್ಡ ಉಪಕಾರ. ಆದರೆ ಮಾರುಕಟ್ಟೆಯಲ್ಲಿ ಒಂದೇ ಡಿವಿಡಿಯಲ್ಲಿ ಮೂರು ಚಿತ್ರ ತುಂಬುವ ರೂಢಿಯೂ ಇತ್ತು. ಲೆಕ್ಕ ಹಾಕಿ ನೋಡಿ: 4.7 ಜಿಬಿ ಡಿಸ್ಕಿನಲ್ಲಿ 140 ನಿಮಿಷದ ಒಂದೇ ಚಿತ್ರವಿದ್ದರೆ ಸೆಕೆಂಡಿಗೆ ಸುಮಾರು 4.5 ಮೆಗಾಬಿಟ್ ಸಿಗುತ್ತದೆ. ಮೂರು ತುಂಬಿದರೆ ಧ್ವನಿಯೂ ಸೇರಿ 1.5. ವಿಸಿಡಿಗಿಂತ ನಾಲ್ಕು ಪಟ್ಟು ದೊಡ್ಡ ಚಿತ್ರಕ್ಕೆ ಹೆಚ್ಚುಕಡಿಮೆ ವಿಸಿಡಿಯಷ್ಟೇ ಆಹಾರ. ಮೂರು ಹಾಸ್ಯ ಚಿತ್ರಗಳ ಡಿಸ್ಕನ್ನು ಹಗಲಿನ ದೃಶ್ಯಗಳು ಕಾಪಾಡುತ್ತವೆ. ಮೂರು ಥ್ರಿಲ್ಲರ್‌ಗಳ ಡಿಸ್ಕನ್ನು ಯಾರಿಗೂ ಕೊಳ್ಳಲು ಹೇಳಲಾರೆ.

ಇನ್ನು ಕತ್ತರಿ. ಜಾಗ ಸಾಲದಿದ್ದಾಗ ಮೊದಲು ಹೋಗುವುದು ಹಾಡು. ಆದರೆ ಸುನಿಲ್ ಕುಮಾರ್ ದೇಸಾಯಿಯವರ ‘ತರ್ಕ’ದಂಥ 1989ರ ಚಿತ್ರದಲ್ಲಿ ಹಾಡೇ ಇಲ್ಲ, ಅಲ್ಲಿ ಏನನ್ನು ಕತ್ತರಿಸಿದರೂ ಕಥೆಯನ್ನೇ ಕತ್ತರಿಸಿದಂತೆ. ಕತ್ತರಿ ಬಿದ್ದಿದೆಯೇ ಎಂದು ಕಂಡುಹಿಡಿಯಲು ಡಿಸ್ಕಿನಲ್ಲೇ ಸಾಕ್ಷಿ ಇರುತ್ತದೆ. ಚಿತ್ರದ ಆರಂಭದಲ್ಲಿ ಸೆನ್ಸಾರ್ ಪ್ರಮಾಣಪತ್ರ ಬಂದಾಗ ಚಿತ್ರ ತಡೆದು ನಿಲ್ಲಿಸುವ ‘ಪಾಝ್’ ಗುಂಡಿ ಒತ್ತಿ. ಅದರಲ್ಲಿ ಚಿತ್ರದ ಉದ್ದ ಮೀಟರಿನಲ್ಲಿ ಬರೆದಿರುತ್ತದೆ. 35 ಎಂಎಂ ಫಿಲ್ಮು ನಿಮಿಷಕ್ಕೆ 27.36 ಮೀಟರ್ ಓಡುತ್ತದೆ. 4000 ಮೀಟರ್ ಎಂದಿದ್ದರೆ 146 ನಿಮಿಷ. ಇಲ್ಲಿಯೇ ಬಹಳ ಜನ ಎಡವುತ್ತಾರೆ: ಡಿಸ್ಕಿನಲ್ಲಿ 140 ನಿಮಿಷ ಕಂಡ ಕೂಡಲೇ ಆರು ನಿಮಿಷ ಕದ್ದರು ಎನ್ನುತ್ತಾರೆ. ಕದ್ದಿಲ್ಲ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು ಪಾಲ್ ಪದ್ಧತಿಯಲ್ಲಿ 25ರಂತೆ ಓಡಿಸುವುದರಿಂದ ಅವಧಿ ಶೇ. 4ರಷ್ಟು ಕುಗ್ಗುತ್ತದೆ, ಧ್ವನಿ ಕೊಂಚ ತೆಳುವಾಗುತ್ತದೆ. ಆದ್ದರಿಂದ ಬಂದ ನಿಮಿಷಗಳನ್ನು 0.96ರಿಂದ ಗುಣಿಸಿ ಹೋಲಿಸಿ. ಅದಕ್ಕಿಂತಲೂ ಕಡಿಮೆಯಿದ್ದರೆ ಅನುಮಾನ ಸರಿ. ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ಡಿಸ್ಕಿಗೆ ಸಾಮಾನ್ಯವಾಗಿ ಈ ಕಡಿತ ಬೇಡ.

ವಿಸಿಡಿಯಾದರೆ ಇನ್ನೂ ಸುಲಭ. ಒಂದು ಡಿಸ್ಕಿನಲ್ಲಿ 74 ನಿಮಿಷ, ಬಿಗಿಯಾಗಿ ತುಂಬಿದರೆ 80. ಥಿಯೇಟರಿನಲ್ಲಿ 170 ನಿಮಿಷ ಓಡಿದ ಚಿತ್ರ ಪಾಲ್ ವೇಗದಲ್ಲೂ 163 ನಿಮಿಷ. ಅದು ಎರಡೇ ಡಿಸ್ಕಿನಲ್ಲಿ ಬಂದಿದ್ದರೆ ಏನೋ ಹೋಗಿದೆ, ಪ್ಯಾಕೆಟ್ ಒಡೆಯುವ ಮೊದಲೇ ಗೊತ್ತಾಗುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಡಿವಿಡಿ ಯಾವ ಪ್ರದೇಶದ ಪ್ಲೇಯರಿನಲ್ಲಿ ಓಡಬೇಕೆಂದು ಹೇಳುವ ರೀಜನ್ ಸಂಖ್ಯೆ ಭಾರತದ್ದು 5, ಅಲ್ಲಿಯದು 1. ‘ಆಲ್ ರೀಜನ್’ ಎಂದಿದ್ದರೂ ಪಾಲ್ ಡಿಸ್ಕನ್ನು ಅಲ್ಲಿನ ಅನೇಕ ಪ್ಲೇಯರುಗಳು ಓದುವುದಿಲ್ಲ. ಕವರಿನಲ್ಲಿ ಎನ್‌ಟಿಎಸ್‌ಸಿ ಇದೆಯೇ ನೋಡಿ. ಪಾಲ್ ಟೇಪಿನಿಂದ ಎನ್‌ಟಿಎಸ್‌ಸಿಗೆ ಇಳಿಸಿದ್ದಾದರೆ ಕೈ ಬೀಸಿದಾಗ ಎರಡೆರಡು ಕೈ ಕಾಣುತ್ತವೆ, ಅದಕ್ಕೆ ಮದ್ದಿಲ್ಲ. ಚಲಿಸುವ ಅಂಚುಗಳಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಬಂದರೆ ಮಾತ್ರ ಮದ್ದಿದೆ: ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ವಿಡಿಯೊ ಮೆನುವಿನ ಡಿಇಂಟರ್‌ಲೇಸ್ ಆನ್ ಮಾಡಿ, ಮೋಡ್‌ನಲ್ಲಿ ಯಾಡಿಫ್ ಆರಿಸಿ.

ಬಾಳಿಕೆಯಲ್ಲಿ ವಿಸಿಡಿಗೂ ಡಿವಿಡಿಗೂ ಬಹಳ ವ್ಯತ್ಯಾಸ. ವಿಸಿಡಿಯ ಅಲ್ಯೂಮಿನಿಯಂ ಪದರ ಇರುವುದು ಲೇಬಲಿನ ಕೆಳಗೇ, ತೆಳು ಲ್ಯಾಕರ್ ಮಾತ್ರ ಅಡ್ಡ. ಹೊಳೆಯುವ ಬದಿಯ ಗೀರು ಕೆಲವೊಮ್ಮೆ ಪಾಲಿಶ್‌ಗೆ ಹೋಗುತ್ತದೆ, ಲೇಬಲ್ ಬದಿಯ ಗೀರು ಚಿತ್ರವನ್ನೇ ಕೆರೆದು ಹಾಕುತ್ತದೆ. ಹಳೆಯ ಡಿಸ್ಕ್ ಕೊಳ್ಳುವಾಗ ಬಲ್ಬಿನ ಎದುರು ಹಿಡಿಯಿರಿ; ಸೂಜಿ ಚುಚ್ಚಿದಂಥ ಬೆಳಕಿನ ಚುಕ್ಕಿಗಳು ಕಂಡರೆ ವಾಪಸ್ ಇಡಿ. ಡಿವಿಡಿಯಲ್ಲಿ 0.6 ಮಿ.ಮೀ.ನ ಎರಡು ತಟ್ಟೆಗಳ ನಡುವೆ ಪದರವಿರುವುದರಿಂದ ಆ ಭಯ ಕಡಿಮೆ, ಆದರೆ ಬಿಗಿಯಾದ ಡಬ್ಬಿಯಿಂದ ಬಾಗಿಸಿ ಎಳೆದರೆ ಅಂಟು ಬಿಡುತ್ತದೆ. ನಡುವಿನ ಗುಬುಟನ್ನು ಒತ್ತಿ ಹಿಡಿದೇ ಎತ್ತಬೇಕು. ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಪಾತ್ರೆ ತೊಳೆಯುವ ದ್ರವ ಒಂದು ಹನಿ, ತಣ್ಣೀರು, ಮೆತ್ತನೆಯ ಹತ್ತಿ ಬಟ್ಟೆ. ಒರೆಸುವುದು ನಡುವಿನಿಂದ ಅಂಚಿಗೆ, ಎಂದೂ ಸುತ್ತಲೂ ಅಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಒತ್ತಿಟ್ಟ ಡಿಸ್ಕಿಗೆ ಮಂಜಿನಂಥ ಕಲೆ ಅಂಟುವುದುಂಟು, ಗಟ್ಟಿ ಡಬ್ಬಿಯಲ್ಲಿ ನಿಲ್ಲಿಸಿಡಿ.

ಈಗ ಮಾಡಬೇಕಾದ ತುರ್ತು ಕೆಲಸವೆಂದರೆ ವಿಸಿಡಿಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುವುದು. ಕಂಪ್ಯೂಟರಿಗೆ ಜೋಡಿಸಿದ ಯುಎಸ್‌ಬಿ ಡಿಸ್ಕ್ ಡ್ರೈವಿನಲ್ಲಿ ಹಾಕಿ ‘ಎಂಪಿಇಜಿಎವಿ’ (MPEGAV) ಫೋಲ್ಡರಿನ ಡಿಎಟಿ (.DAT) ಕಡತವನ್ನು ಎಳೆದು ಹಾಕಿದರೆ, ಚೆನ್ನಾಗಿರುವ ಡಿಸ್ಕಿಗೆ ಸಾಕು. ಗೀರಿದ್ದರೆ ನಡುವೆಯೇ ನಿಂತುಹೋಗುತ್ತದೆ, ಏಕೆಂದರೆ ಹೆಚ್ಚು ನಿಮಿಷ ಹಿಡಿಸಲು ವಿಸಿಡಿಯಲ್ಲಿ ಡೇಟಾ ಸಿಡಿಯ ಎರಡನೇ ಹಂತದ ದೋಷ ತಿದ್ದುಪಡಿಯನ್ನು ಬಿಟ್ಟಿದ್ದಾರೆ. ಪ್ಲೇಯರ್ ಹಾರಿಸಿಕೊಂಡು ಹೋಗುವ ಜಾಗದಲ್ಲಿ ಕಂಪ್ಯೂಟರ್ ಹಟ ಹಿಡಿಯುತ್ತದೆ. ಆಗ ಐಎಸ್‌ಒ (ಇಡೀ ಡಿಸ್ಕಿನ ಒಂದೇ ಕಡತದ ಪ್ರತಿ) ಮಾಡಲು ಹೋಗಬೇಡಿ, ವಿಸಿಡಿಯ ಸೆಕ್ಟರುಗಳು (ಮಾಹಿತಿಯ ತುಂಡುಗಳು) ಅದರಲ್ಲಿ ಸರಿಯಾಗಿ ಕೂರುವುದಿಲ್ಲ. 2352 ಬೈಟಿನ ಪೂರ್ತಿ ಸೆಕ್ಟರ್ ಓದುವ ಬಿನ್/ಕ್ಯೂ (ಜೋಡಿ ಕಡತಗಳ) ಪ್ರತಿ ತೆಗೆದು, ಓದುವ ವೇಗವನ್ನು 4ಎಕ್ಸ್‌ಗೆ ಇಳಿಸಿ, ದೋಷ ಬಂದರೂ ಮುಂದುವರಿಯುವಂತೆ ಸೆಟ್ ಮಾಡಿ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದುವುದು ಸಾಮಾನ್ಯ; ಎಸೆಯುವ ಮೊದಲು ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಮೊದಲ ಸರದಿ ಥ್ರಿಲ್ಲರ್‌ಗಳ ಕೊನೆಯ ಡಿಸ್ಕಿನದಾಗಲಿ.