ಬೆಂಗಳೂರಿನ ಐಟಿ ಕನ್ಸಲ್ಟೆನ್ಸಿಗಳು: ಸೇವೆ ಹೇಗಿದೆ, ಅವರ ಮುಂದೆ ಎಷ್ಟು ಬಾಯಿ ಬಿಡಬೇಕು

ಐಟಿ ಕಂಪನಿಗಳಿಗೆ ಜನರನ್ನು ಹುಡುಕಿಕೊಡುವ, ಕೆಲಸ ಹುಡುಕುವವರಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳದ ಸೇವೆ ಇದು. (ನೋಂದಣಿ ಶುಲ್ಕ, ತರಬೇತಿ ಶುಲ್ಕ ಅಂತ ಯಾರಾದರೂ ಕೇಳಿದರೆ ಅದು ಕನ್ಸಲ್ಟೆನ್ಸಿಯೇ ಅಲ್ಲ, ಫೋನ್ ಇಟ್ಟುಬಿಡಿ.) ದುಡ್ಡು ಕೊಡುವುದು ಕಂಪನಿ. ಸಾಮಾನ್ಯ ದರ ವರ್ಷದ ಸಿಟಿಸಿಯ (ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು) 8.33 ಶೇಕಡಾ, ಅಂದರೆ ಒಂದು ತಿಂಗಳ ಸಂಬಳ. ದೊಡ್ಡ ಹುದ್ದೆಗಳಿಗೆ ಇನ್ನೂ ಹೆಚ್ಚು. 18 ಲಕ್ಷದ ಕೆಲಸಕ್ಕೆ ಸುಮಾರು ಒಂದೂವರೆ ಲಕ್ಷ, ಮೇಲೆ ಜಿಎಸ್‌ಟಿ. ಆ ದುಡ್ಡು ಬರುವುದು ನೀವು ಹೋಗಿ ಸೇರಿದ ಮೇಲೆ. ಮೂರು ತಿಂಗಳೊಳಗೆ ಬಿಟ್ಟರೆ ಬಿಟ್ಟಿಯಾಗಿ ಇನ್ನೊಬ್ಬರನ್ನು ಹುಡುಕಿಕೊಡಬೇಕು ಎಂಬ ಷರತ್ತೂ ಬಹಳ ಕಡೆ ಇರುತ್ತದೆ. ಇಷ್ಟು ತಿಳಿದಿದ್ದರೆ ಕನ್ಸಲ್ಟೆನ್ಸಿಯಿಂದ ಕರೆ ಮಾಡುವ ರಿಕ್ರೂಟರ್ ಕೇಳುವ ಪ್ರತಿ ಪ್ರಶ್ನೆಯ ಹಿಂದೆ ಏನಿದೆ ಅಂತ ಹೊಳೆಯುತ್ತದೆ.

ಮೊದಲ ಕರೆ ಎರಡು ಮೂರು ನಿಮಿಷದ್ದು. ಒಟ್ಟು ಅನುಭವ, ಈಗಿನ ಸಿಟಿಸಿ, ನಿರೀಕ್ಷೆ, ನೋಟಿಸ್ ಪೀರಿಯಡ್, ಲಾಸ್ಟ್ ವರ್ಕಿಂಗ್ ಡೇ. ಆಮೇಲೆ ಮೆಲ್ಲಗೆ "ಕೈಯಲ್ಲಿ ಆಫರ್ ಇದೆಯಾ? ಬೇರೆ ಎಲ್ಲೆಲ್ಲಿ ನಡೀತಿದೆ?" ಒಳ್ಳೆಯ ಕನ್ಸಲ್ಟೆನ್ಸಿಯ ಗುರುತು, ಈ ಪ್ರಶ್ನೆಗೆ ಮೊದಲೇ ಕ್ಲೈಂಟ್ (ಜನ ಬೇಕಾಗಿರುವ ಕಂಪನಿ) ಹೆಸರು ಹೇಳಿ ಜೆಡಿಯನ್ನು, ಅಂದರೆ ಹುದ್ದೆಯ ವಿವರವನ್ನು, ಮೇಲ್ ಮಾಡುವುದು. ಕಳಪೆಯದರ ಗುರುತು, "ದೊಡ್ಡ ಎಂಎನ್‌ಸಿ, ಮೊದಲು ರೆಸ್ಯೂಮೆ ಕಳಿಸಿ" ಅನ್ನುವುದು.

ಅವಸರದಲ್ಲಿ ಕಳಿಸಿಬಿಟ್ಟರೆ ಏನಾಗುತ್ತದೆ? ಕಂಪನಿಗಳ ನೇಮಕಾತಿ ಸಾಫ್ಟ್‌ವೇರ್ ಇಮೇಲ್ ಮತ್ತು ಮೊಬೈಲ್ ನಂಬರ್ ಹಿಡಿದು ಅಭ್ಯರ್ಥಿಯನ್ನು ಗುರುತಿಸುತ್ತದೆ. ಯಾರ ಮೂಲಕ ಮೊದಲು ಬಂದಿರೋ ಅವರ ಹೆಸರಿಗೆ ನೀವು ದಾಖಲಾಗುತ್ತೀರಿ. ನಿಮ್ಮ ಮೇಲಿನ ಫೀ ಅವರಿಗೇ ಎಂಬ ಈ ಹಕ್ಕು ಸಾಮಾನ್ಯವಾಗಿ ಆರು ತಿಂಗಳು, ಕೆಲವು ಕಡೆ ಒಂದು ವರ್ಷ. ಎರಡು ಕನ್ಸಲ್ಟೆನ್ಸಿಗಳಿಂದ ಒಂದೇ ರೆಸ್ಯೂಮೆ ಬಂದು ಫೀ ಯಾರದ್ದೆಂಬ ಜಗಳವೆದ್ದರೆ, ಕೆಲವು ಎಚ್‌ಆರ್‌ಗಳು ಸುಲಭದ ದಾರಿ ಹಿಡಿದು ಅಭ್ಯರ್ಥಿಯನ್ನೇ ಕೈಬಿಡುತ್ತಾರೆ. ಸ್ನೇಹಿತರೊಬ್ಬರು ಒಳಗಿನಿಂದ ರೆಫರ್ ಮಾಡಲು ಹೊರಟಿದ್ದರೆ "ಈಗಾಗಲೇ ಸಿಸ್ಟಮ್‌ನಲ್ಲಿದ್ದಾರೆ" ಎಂಬ ಉತ್ತರ ಬರುತ್ತದೆ, ರೆಫರ್ ಮಾಡಿದ್ದಕ್ಕೆ ಅವರಿಗೆ ಸಿಗುತ್ತಿದ್ದ ಬೋನಸ್ಸೂ ಹೋಯಿತು. ಮಧ್ಯವರ್ತಿಗೆ ಫೀ ಕೊಡಬೇಕಿಲ್ಲದ್ದರಿಂದ ಕಂಪನಿಗೆ ಅಗ್ಗವಾಗುತ್ತಿದ್ದ ನಿಮ್ಮ ದಾರಿಯೂ ಮುಚ್ಚಿತು.

ಹಾಗಾಗಿ ಒಂದು ವಿಷಯವನ್ನು ಮಾತ್ರ ಮುಚ್ಚಿಡಲೇಬಾರದು: ಅವರು ಹೇಳುವ ಕಂಪನಿಗೆ ನಿಮ್ಮ ರೆಸ್ಯೂಮೆ ಆಗಲೇ ಹೋಗಿದ್ದರೆ, ಯಾವ ತಿಂಗಳು, ಯಾವ ಹುದ್ದೆಗೆ, ಯಾರ ಮೂಲಕ ಎಂಬುದು. ಆದರೆ ಕ್ರಮ ಮುಖ್ಯ. "ಡೂಪ್ಲಿಕೇಟ್ ಆಗಬಾರದಲ್ವಾ, ಎಲ್ಲೆಲ್ಲಿ ಹಾಕಿದೀರಿ ಹೇಳಿ" ಅಂತ ನ್ಯಾಯದ ದನಿಯಲ್ಲೇ ಕೇಳುತ್ತಾರೆ. ಪಟ್ಟಿ ಒಪ್ಪಿಸಬೇಡಿ. ಕ್ಲೈಂಟ್ ಹೆಸರು ಅವರು ಹೇಳಲಿ, ಹೌದು ಅಥವಾ ಇಲ್ಲ ಅನ್ನುವುದು ನಿಮ್ಮ ಕೆಲಸ. ಒಪ್ಪಿದರೆ ಜೆಡಿ ಬಂದ ಮೇಲ್‌ಗೇ ಒಂದು ಸಾಲು ಬರೆಯಿರಿ: "ಈ ಕಂಪನಿಯ ಈ ಹುದ್ದೆಗೆ ಮಾತ್ರ ನನ್ನ ಪ್ರೊಫೈಲ್ ಕಳಿಸಬಹುದು." ಆ ಮೇಲ್‌ನ ತಾರೀಖೇ ಮುಂದೆ ನಿಮ್ಮ ಸಾಕ್ಷಿ. ಒಂದು ಶೀಟ್‌ನಲ್ಲಿ ಕಂಪನಿ, ಜಾಬ್ ಐಡಿ, ಯಾರ ಮೂಲಕ, ಯಾವತ್ತು ಎಂಬ ನಾಲ್ಕು ಕಾಲಂ ಇಟ್ಟರೆ ಸಾಕು. ನೆನಪನ್ನೇ ನಂಬಿದರೆ ಹತ್ತನೇ ಕರೆಯ ಹೊತ್ತಿಗೆ ಎಲ್ಲ ಕಲಸುಮೇಲೋಗರ.

ಉಳಿದ ಕಂಪನಿಗಳ ಹೆಸರು ಯಾಕೆ ಹೇಳಬಾರದು? ಆ ಹೆಸರು ಅವರಿಗೆ ವ್ಯಾಪಾರದ ಸುಳಿವು. ಇಂಥ ಕಡೆ ಇಂಥ ಹುದ್ದೆ ಖಾಲಿ ಇದೆ ಅಂತ ಗೊತ್ತಾದರೆ ಸಂಜೆಯೊಳಗೆ ಅದೇ ಹುದ್ದೆಗೆ ತಮ್ಮ ಕೈಲಿರುವ ನಾಲ್ಕೈದು ರೆಸ್ಯೂಮೆ ಕಳಿಸಬಹುದು. ನಿಮಗೆ ನೀವೇ ಪೈಪೋಟಿ ತಂದುಕೊಂಡಂತೆ. ಇನ್ನು ಕೆಲವರು "ಅಲ್ಲಿ ಲೇಆಫ್ ಇದೆಯಂತೆ, ಆ ಮ್ಯಾನೇಜರ್ ಸರಿ ಇಲ್ವಂತೆ" ಅಂತ ಕಿವಿಯೂದಲು ಶುರುಮಾಡುತ್ತಾರೆ. ಆ ಕಂಪನಿ ಅವರ ಕ್ಲೈಂಟ್ ಅಲ್ಲದಿದ್ದರೆ ಈ ಮಾತಿಗೆ ಮೂರು ಕಾಸಿನ ಬೆಲೆ ಕೊಡಬೇಕಿಲ್ಲ.

ಹಾಗಂತ ಬಾಯಿಗೆ ಬೀಗ ಹಾಕಿದರೂ ನಷ್ಟವೇ. "ಏನೂ ಇಲ್ಲ" ಅಂದವರ ಇಂಟರ್ವ್ಯೂ ಮುಂದಿನ ವಾರಕ್ಕೆ ಜಾರುತ್ತದೆ. ಹೆಸರು ಬಿಟ್ಟು ಹಂತ ಮತ್ತು ದಿನ ಹೇಳಿ: "ಎರಡು ಕಡೆ ನಡೀತಿದೆ, ಒಂದರಲ್ಲಿ ಗುರುವಾರ ಕೊನೆಯ ಸುತ್ತು." ರಿಕ್ರೂಟರ್ ಇದನ್ನೇ ಹಿಡಿದು ಕ್ಲೈಂಟ್‌ನ ಎಚ್‌ಆರ್ ಹಿಂದೆ ಬೀಳುತ್ತಾರೆ, ಎರಡು ಸುತ್ತು ಒಂದೇ ದಿನ ಮುಗಿದರೂ ಆಶ್ಚರ್ಯವಿಲ್ಲ. ಮತ್ತೆ ಒತ್ತಿ ಕೇಳಿದರೆ "ಅವರ ಪ್ರಕ್ರಿಯೆ ಮುಗಿಯೋವರೆಗೆ ಹೆಸರು ಹೇಳೋಕಾಗಲ್ಲ" ಅಂದರೆ ಆಯಿತು. ಅನುಭವಿ ರಿಕ್ರೂಟರ್‌ಗಳು ಅಲ್ಲಿಗೇ ಬಿಡುತ್ತಾರೆ.

ಇಲ್ಲದ ಆಫರ್ ಸೃಷ್ಟಿಸುವುದು ಮಾತ್ರ ಬೇಡ. ಮುಂದಿನ ಪ್ರಶ್ನೆ ಜಾಯಿನಿಂಗ್ ಡೇಟ್, ಅದರ ಮುಂದಿನದು ಫಿಕ್ಸೆಡ್ (ಖಚಿತ ಸಂಬಳ) ಎಷ್ಟು, ವೇರಿಯಬಲ್ (ಸಾಧನೆ ನೋಡಿ ಕೊಡುವ ಪಾಲು) ಎಷ್ಟು, ಕೊನೆಗೆ "ಪಿಡಿಎಫ್ ಕಳಿಸಿ." ಎಲ್ಲೋ ಒಂದು ಕಡೆ ಲೆಕ್ಕ ತಪ್ಪುತ್ತದೆ. ನಿಜವಾದ ಆಫರ್ ಇದ್ದರೂ ಪೂರ್ತಿ ಪತ್ರ ಕೊಡಬೇಡಿ, ಗೌಪ್ಯತೆಯ ಷರತ್ತು ಅದರಲ್ಲೇ ಇರಬಹುದು. ಆ ಷರತ್ತು ಇಲ್ಲದಿದ್ದರೆ, ಸಂಬಳದ ಪುಟವೊಂದನ್ನು ಕಂಪನಿ ಹೆಸರು, ವಿಳಾಸ, ರೆಫರೆನ್ಸ್ ನಂಬರ್, ಸಹಿ ಕಾಣದಂತೆ ಮುಚ್ಚಿ ತೋರಿಸಬಹುದು, ಅದೂ ಕೊನೆಯ ಸುತ್ತು ದಾಟಿದ ಮೇಲೆ. ಮೊತ್ತ ಹೇಳುವಾಗ ಫಿಕ್ಸೆಡ್ಡನ್ನೇ ಹೇಳಿ. 20 ಲಕ್ಷದಲ್ಲಿ 2 ಲಕ್ಷ ವೇರಿಯಬಲ್, 1 ಲಕ್ಷ ಜಾಯಿನಿಂಗ್ ಬೋನಸ್ ಸೇರಿದ್ದರೆ ಹೋಲಿಕೆಗೆ ಸಿಗುವುದು 17 ಲಕ್ಷ ಅಷ್ಟೇ, ಅದರೊಳಗೂ ಗ್ರಾಚ್ಯುಟಿ ಮತ್ತು ಕಂಪನಿಯ ಪಿಎಫ್ ಪಾಲು ಕೂತಿರುತ್ತದೆ.

ನಮ್ಮಲ್ಲಿನ 90 ದಿನದ ನೋಟಿಸ್ ಈ ಲೆಕ್ಕಾಚಾರವನ್ನು ಇನ್ನಷ್ಟು ಗೋಜಲು ಮಾಡಿದೆ. ರಾಜೀನಾಮೆ ಕೊಟ್ಟು ನೋಟಿಸ್‌ನಲ್ಲಿರುವವರು ಎಲ್ಲರಿಗೂ ಬೇಕು, ಬೇಗ ಸೇರುತ್ತಾರೆ. ಆದರೆ ಅವರನ್ನು ಕಂಡರೆ ಭಯವೂ ಇದೆ, ಸೇರುವ ದಿನ ಫೋನ್ ಸ್ವಿಚ್ ಆಫ್ ಮಾಡುವವರೂ ಅವರೇ. ಲಾಸ್ಟ್ ವರ್ಕಿಂಗ್ ಡೇ ಹೇಳಿದ ಕ್ಷಣವೇ ಕೈಯಲ್ಲೊಂದು ಆಫರ್ ಇದೆ ಅಂತ ರಿಕ್ರೂಟರ್ ಊಹಿಸುತ್ತಾರೆ, ಅಲ್ಲಿ "ಇಲ್ಲ" ಅನ್ನುವುದರಿಂದ ಹೋಗುವುದು ನಂಬಿಕೆ ಮಾತ್ರ. ಆಫರ್ ಇದೆ ಅಂತ ಒಪ್ಪಿಕೊಂಡು, ಇನ್ನೂ ಯಾಕೆ ಹುಡುಕುತ್ತಿದ್ದೀರಿ ಎಂಬುದಕ್ಕೆ ಸಂಬಳವಲ್ಲದ ಒಂದು ನಿಜವಾದ ಕಾರಣ ಕೊಡಿ: ವೈಟ್‌ಫೀಲ್ಡ್‌ಗೆ ವಾರದಲ್ಲಿ ಐದು ದಿನ ಹೋಗಬೇಕು, ಕೆಲಸ ಬರೀ ಸಪೋರ್ಟ್, ಹೀಗೆ.

ಕಂಪನಿಯ ಸ್ವಂತ ಎಚ್‌ಆರ್ ಜೊತೆ ಸ್ವಲ್ಪ ಹೆಚ್ಚು ಬಿಚ್ಚಿ ಮಾತಾಡಬಹುದು, ಅವರಿಗೆ ನಿಮ್ಮ ಮೇಲೆ ಕಮಿಷನ್ ಇಲ್ಲ. ಕೊನೆಯ ಸುತ್ತಾದ ಮೇಲೆ ಪೈಪೋಟಿ ಕಂಪನಿಯ ಹೆಸರು ಹೇಳಿದರೆ, ಅಲ್ಲಿನ ಸಂಬಳದ ಮಟ್ಟ ಗೊತ್ತಿರುವ ಎಚ್‌ಆರ್ ತಾವೇ ಮೇಲಕ್ಕೇರುವುದುಂಟು. ಕನ್ಸಲ್ಟೆನ್ಸಿ ವಿಷಯದಲ್ಲಿ ಇನ್ನೊಂದು ಎಚ್ಚರ: ನಿಮ್ಮ ಈಗಿನ ಕಂಪನಿಗೂ ಅವರೇ ಜನ ಒದಗಿಸುತ್ತಿರಬಹುದು, ಮೊದಲೇ ಕೇಳಿ. ಕೆಲಸ ಹುಡುಕುವ ಜಾಲತಾಣ ನೌಕ್ರಿಯಲ್ಲಿ ನಿರ್ದಿಷ್ಟ ಕಂಪನಿಗಳಿಗೆ ಪ್ರೊಫೈಲ್ ಕಾಣದಂತೆ ಮಾಡುವ ಸೆಟ್ಟಿಂಗ್ ಇದೆ, ಬಳಸಿ. ಲಿಂಕ್ಡ್‌ಇನ್‌ನ 'ಓಪನ್ ಟು ವರ್ಕ್' ಅನ್ನು ರಿಕ್ರೂಟರ್‌ಗಳಿಗೆ ಮಾತ್ರ ಅಂತ ಇಟ್ಟರೂ ಪೂರ್ತಿ ಗುಟ್ಟಿನ ಭರವಸೆ ಆ ಸಂಸ್ಥೆಯೇ ಕೊಡುವುದಿಲ್ಲ. ಆಧಾರ್, ಪೂರ್ತಿ ಪ್ಯಾನ್, ಯುಎಎನ್ (ಪಿಎಫ್‌ನ ನಂಬರ್) ಇವೆಲ್ಲ ಆಫರ್ ನಂತರದ ಪರಿಶೀಲನೆಗೆ. ಮೊದಲ ಕರೆಯಲ್ಲೇ ಕೊಡುವಂಥವಲ್ಲ.

ಮೂರರಿಂದ ಹನ್ನೆರಡು ವರ್ಷ ಅನುಭವದವರಿಗೆ ಐದಕ್ಕೆ ಮೂರೂವರೆ ಅಂಕ ಕೊಡಬಹುದಾದ ಸೇವೆ. ಫ್ರೆಶರ್‌ಗಳಿಗೆ ಒಂದು, ಅವರಿಗಾಗಿ ಫೀ ಕೊಡುವ ಕಂಪನಿ ಅಪರೂಪ. ಅರ್ಧ ಅಂಕ ಕಳೆದಿದ್ದು ಇಂಟರ್ವ್ಯೂ ಆದ ಮೇಲೆ ಮಾಯವಾಗುವ ಚಾಳಿಗೆ. ಅಂದಹಾಗೆ ಆ ಚಾಳಿ ಈ ಕಡೆಯವರಿಗೂ, ಅಂದರೆ ಅಭ್ಯರ್ಥಿಗಳಿಗೂ ಇದೆ. ಒಂದು ಕಡೆ ಒಪ್ಪಿಕೊಂಡ ದಿನವೇ ಉಳಿದ ಎಲ್ಲ ರಿಕ್ರೂಟರ್‌ಗಳಿಗೂ "ನನ್ನ ಪ್ರೊಫೈಲ್ ಹಿಂದಕ್ಕೆ ತೆಗೆದುಕೊಳ್ಳಿ" ಅಂತ ಎರಡು ಸಾಲಿನ ಮೇಲ್ ಹಾಕಿ, ಆ ನಾಲ್ಕು ಕಾಲಂ ಶೀಟ್ ಅಳಿಸದೆ ಇಟ್ಟುಕೊಳ್ಳಿ. ಆರು ತಿಂಗಳ ಲೆಕ್ಕ ಅದರಲ್ಲೇ ಇದೆ.